ಹತ್ತು ಸಾವಿರ ಅಡಿ ದಾಟುವವರೆಗೆ ಹರಟೆ ಬೇಡ

ಈ ಸಲ ಬಂದ ಪತ್ರಗಳಲ್ಲಿ ವಿಮಾನದ ಪ್ರಶ್ನೆಗಳೇ ಜಾಸ್ತಿ. ಅದರಲ್ಲೂ ಟೇಕಾಫ್ ಆಗಿ ಮೇಲೇರುವ ಮೊದಲ ಹತ್ತು ಹದಿನೈದು ನಿಮಿಷದ ಬಗ್ಗೆ. ಹೀಗಾಗಿ ಬೇರೆ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ತಳ್ಳಿ, ಇದೊಂದನ್ನೇ ಹಿಡಿದು ಕೂತಿದ್ದೇನೆ.

ಪ್ರಶ್ನೆ: ವಿಮಾನದಲ್ಲಿ ಆಟೋಪೈಲಟ್ ಇದೆ, ಪೈಲಟ್‌ಗಳು ಇಬ್ಬರಿದ್ದಾರೆ, ಕೆಳಗೆ ರಾಡಾರ್ ಮುಂದೆ ಕಂಟ್ರೋಲರ್ ಬೇರೆ. ಇಷ್ಟೆಲ್ಲ ಇದ್ದೂ ‘ಇಷ್ಟು ಅಡಿಗೆ ಹೋಗಿ ನಿಲ್ಲಿ’ ಅಂದರೆ ಅದನ್ನು ದಾಟಿ ಹೋಗುವುದು ಹೇಗೆ? (ದಾವಣಗೆರೆಯಿಂದ ಒಬ್ಬ ಓದುಗರು)

ಆಟೋಪೈಲಟ್ ನೀವು ಅಂದುಕೊಂಡಷ್ಟು ಜಾಣ ಅಲ್ಲ. ಹೇಳಿದ್ದನ್ನು ಮಾಡುತ್ತದೆ, ಅಷ್ಟೇ. ತಪ್ಪು ಹೇಳಿದರೆ ತಪ್ಪನ್ನೇ ಅಚ್ಚುಕಟ್ಟಾಗಿ ಮಾಡುತ್ತದೆ.

ಕಾಕ್‌ಪಿಟ್‌ನ ಮುಂದಿನ ಗಾಜಿನ ಕೆಳಗೆ, ಇಬ್ಬರ ಕೈಗೂ ಎಟುಕುವ ಹಾಗೆ, ಉದ್ದನೆಯ ಒಂದು ಪ್ಯಾನೆಲ್ ಇರುತ್ತದೆ. ಅದರಲ್ಲಿ ಸಾಲಾಗಿ ಪುಟ್ಟ ಕಿಂಡಿಗಳು. ಒಂದರಲ್ಲಿ ವೇಗದ ಅಂಕಿ, ಒಂದರಲ್ಲಿ ದಿಕ್ಕಿನದು, ಇನ್ನೊಂದರಲ್ಲಿ ಎತ್ತರದ್ದು. ಕಂಟ್ರೋಲರ್ ಹೊಸ ಎತ್ತರ ಹೇಳಿದ ಕೂಡಲೇ ಒಬ್ಬ ಪೈಲಟ್ ಅದನ್ನು ರೇಡಿಯೋದಲ್ಲಿ ತಿರುಗಿ ಒಪ್ಪಿಸಬೇಕು. ನಾಬ್ ತಿರುಗಿಸಿ ಕಿಂಡಿಯಲ್ಲಿ ಆ ಅಂಕಿ ತರಬೇಕು. ಎಷ್ಟೋ ಕಂಪನಿಗಳಲ್ಲಿ ಆಮೇಲೆ ಇಬ್ಬರೂ ಆ ಕಿಂಡಿಗೆ ಬೆರಳು ತೋರಿಸಿ ಅಂಕಿಯನ್ನು ಬಾಯಿಬಿಟ್ಟು ಹೇಳುತ್ತಾರೆ. ನೋಡಿದವರಿಗೆ ಶಾಲೆ ಮಕ್ಕಳು ಮಗ್ಗಿ ಹೇಳುವುದನ್ನು ಕೇಳಿದ ಹಾಗಿರಬಹುದು. ಆದರೆ ಆ ಬೆರಳು ತೋರಿಸುವುದಕ್ಕೆ ಕಾರಣ ಇದೆ.

ತಪ್ಪು ನುಸುಳುವುದು ಇಲ್ಲಿನ ಯಾವುದೇ ಹೆಜ್ಜೆಯಲ್ಲಿ. ಅಂಕಿ ತಪ್ಪು ಕೇಳಿಸಬಹುದು. ಹತ್ತು ಸಾವಿರ, ಹನ್ನೊಂದು ಸಾವಿರ, ಇವೆರಡೇ ಅತಿ ಜಾಸ್ತಿ ಅದಲುಬದಲಾಗುವ ಜೋಡಿ ಎಂದು ಅಮೆರಿಕದ ಪೈಲಟ್‌ಗಳು ಬರೆದು ಕಳಿಸಿದ ವರದಿಗಳನ್ನು ನೋಡಿದವರು ಹೇಳಿದ್ದಾರೆ. ಇಂಗ್ಲಿಷ್‌ನಲ್ಲಿ ಅದು ‘ಒನ್ ಜೀರೋ’, ‘ಒನ್ ಒನ್’. ಗದ್ದಲದ ರೇಡಿಯೋದಲ್ಲಿ ಬಾಲ ನುಂಗಿಹೋದರೆ ಮುಗಿಯಿತು. ಇನ್ನು ಒಂದೇ ಉಸಿರಲ್ಲಿ ‘ಹೆಡ್ಡಿಂಗ್ ಇಷ್ಟು, ವೇಗ ಇಷ್ಟು, ಎತ್ತರ ಇಷ್ಟು’ ಎಂದು ಮೂರು ಅಂಕಿ ಬಂದರೆ, ವೇಗದ ಅಂಕಿ ಎತ್ತರದ ಕಿಂಡಿಗೆ ಹೋಗಿ ಕೂರುವುದೂ ಉಂಟು. ಪಕ್ಕದ ವಿಮಾನಕ್ಕೆ ಹೇಳಿದ್ದನ್ನು, ಫ್ಲೈಟ್ ನಂಬರ್ ಒಂದೇ ಥರ ಕೇಳಿಸಿತೆಂದು, ತಮಗೇ ಹೇಳಿದ್ದು ಅಂದುಕೊಳ್ಳುವುದೂ ಇದೆ.

ಗಾಳಿಯ ಒತ್ತಡದ ಲೆಕ್ಕ ಇನ್ನೊಂದು ಕಡೆ ಕೈಕೊಡುತ್ತದೆ. ಎತ್ತರ ತೋರಿಸುವ ಆಲ್ಟಿಮೀಟರ್ ಅಳೆಯುವುದು ಒತ್ತಡವನ್ನೇ. ಕೆಳಗಿರುವಾಗ ಆ ಊರಿನ ಆ ಹೊತ್ತಿನ ಒತ್ತಡವನ್ನು ಅದಕ್ಕೆ ಹೇಳಿಕೊಟ್ಟಿರುತ್ತಾರೆ. ಒಂದು ಎತ್ತರ ದಾಟಿದ ಮೇಲೆ ಎಲ್ಲ ವಿಮಾನಗಳೂ 1013 ಹೆಕ್ಟೊಪಾಸ್ಕಲ್ ಎಂಬ ಒಂದೇ ಅಳತೆಗೆ ಬದಲಾಯಿಸಿಕೊಳ್ಳಬೇಕು. ಒಂದು ಹೆಕ್ಟೊಪಾಸ್ಕಲ್ ವ್ಯತ್ಯಾಸ ಅಂದರೆ ಕೆಳಮಟ್ಟದಲ್ಲಿ ಹತ್ತಿರ ಹತ್ತಿರ 28 ಅಡಿ. ಹತ್ತು ಹೆಕ್ಟೊಪಾಸ್ಕಲ್ ವ್ಯತ್ಯಾಸವಿರುವ ದಿನ ಬದಲಾಯಿಸುವುದನ್ನು ಮರೆತರೆ 280 ಅಡಿ ಆಚೀಚೆ. ಆಗ ಆಟೋಪೈಲಟ್ ತಾನು ಸರಿಯಾದ ಎತ್ತರದಲ್ಲೇ ಇದ್ದೇನೆ ಎಂದು ನೆಮ್ಮದಿಯಾಗಿ ಹಾರುತ್ತಿರುತ್ತದೆ. ಬದಲಾಯಿಸಬೇಕಾದ ಆ ಕ್ಷಣಕ್ಕೇ ಗಗನಸಖಿ ಫೋನ್ ಮಾಡಿರುತ್ತಾರೆ, ಅಥವಾ ಕಂಟ್ರೋಲರ್ ಹೊಸ ಫ್ರೀಕ್ವೆನ್ಸಿ ಕೊಟ್ಟಿರುತ್ತಾರೆ. ಹಾಲು ಒಲೆ ಮೇಲಿಟ್ಟು ಬಾಗಿಲಿಗೆ ಬಂದವರ ಜತೆ ಮಾತಿಗೆ ನಿಂತ ಹಾಗೆ. ಹಾಲು ಉಕ್ಕುತ್ತದೆ ಎಂಬುದು ಗೊತ್ತಿಲ್ಲದೆ ಏನಲ್ಲ, ಆ ಹೊತ್ತಿಗೆ ನೆನಪಾಗಲಿಲ್ಲ ಅಷ್ಟೇ.

ಯುರೋಪಿನಲ್ಲಿ 300 ಅಡಿ ಅಥವಾ ಅದಕ್ಕಿಂತ ಜಾಸ್ತಿ ತಪ್ಪಿದರೆ ಅದನ್ನು ‘ಲೆವೆಲ್ ಬಸ್ಟ್’ ಎಂದು ಬರೆದುಕೊಳ್ಳುತ್ತಾರೆ. 300 ಅಡಿ ಬಹಳ ಅನಿಸಬಹುದು. ನಿಮಿಷಕ್ಕೆ 2,000 ಅಡಿಯ ಲೆಕ್ಕದಲ್ಲಿ ಏರುವ ವಿಮಾನಕ್ಕೆ ಅದು 9 ಸೆಕೆಂಡಿನ ಕೆಲಸ. ಮೇಲೆ ಕೆಳಗೆ ಹಾರುವ ಎರಡು ವಿಮಾನಗಳ ನಡುವೆ ಸಾಮಾನ್ಯವಾಗಿ ಬಿಡುವುದೇ 1,000 ಅಡಿ.

ಪ್ರಶ್ನೆ: ಗಮನ ತಪ್ಪುತ್ತದೆ ಅಂದರೆ ಏನು ಮಾಡುತ್ತಿರುತ್ತಾರೆ? ಮೊಬೈಲ್ ನೋಡುತ್ತಾರಾ? (ಮೈಸೂರಿನಿಂದ)

ಅಂಥವರೂ ಇದ್ದಾರೆ, ಇಲ್ಲ ಅನ್ನಲ್ಲ. 2009ರ ಅಕ್ಟೋಬರ್‌ನಲ್ಲಿ ಅಮೆರಿಕದ ನಾರ್ತ್‌ವೆಸ್ಟ್ ಏರ್‌ಲೈನ್ಸ್‌ನ ಇಬ್ಬರು ಪೈಲಟ್‌ಗಳು ಲ್ಯಾಪ್‌ಟಾಪ್ ತೆರೆದು ಡ್ಯೂಟಿ ಪಟ್ಟಿಯ ಲೆಕ್ಕದಲ್ಲಿ ಮುಳುಗಿ, ಇಳಿಯಬೇಕಿದ್ದ ಮಿನಿಯಾಪೊಲಿಸ್ ಊರನ್ನೇ ದಾಟಿ ನೂರಕ್ಕೂ ಹೆಚ್ಚು ಮೈಲಿ ಮುಂದೆ ಹೋಗಿದ್ದರು. ಆದರೆ ಅದು ಮೇಲೆ, ಎಲ್ಲ ಸಮಾಧಾನವಾಗಿರುವಾಗ ಆದದ್ದು. ಏರುವ ಹೊತ್ತಿನಲ್ಲಿ ಗಮನ ಕದಿಯುವುದು ಬಹುಪಾಲು ಕೆಲಸವೇ. ಒಂದು ಕೆಲಸ ಇನ್ನೊಂದು ಕೆಲಸವನ್ನು ಮರೆಸುತ್ತದೆ. ನನ್ನ ಮಟ್ಟಿಗೆ ಈ ವಿಷಯದಲ್ಲಿ ತಿಳಿಯಬೇಕಾದ್ದು ಇದೇ, ಸೋಮಾರಿತನದ ಕತೆಗಳು ಓದಲು ಮಜಾ ಇರಬಹುದು, ಜನ ಸತ್ತಿರುವುದು ಮಾತ್ರ ಹೆಚ್ಚಾಗಿ ಶ್ರದ್ಧೆಯಿಂದ ಇನ್ನೇನನ್ನೋ ಸರಿ ಮಾಡಲು ಹೊರಟ ಪೈಲಟ್‌ಗಳ ವಿಮಾನಗಳಲ್ಲಿ.

2022ರ ಡಿಸೆಂಬರ್ 18, ಹವಾಯಿಯ ಕಹುಲುಯಿ. ಜೋರು ಮಳೆ. ಯುನೈಟೆಡ್ ಏರ್‌ಲೈನ್ಸ್‌ನ ಬೋಯಿಂಗ್ 777 ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಿತ್ತು. ಟೇಕಾಫ್‌ಗೆಂದು ರೆಕ್ಕೆಯ ಹಿಂಬದಿಯಲ್ಲಿ ಹೊರಚಾಚಿದ ಪಟ್ಟಿಗಳನ್ನು, ಅಂದರೆ ಫ್ಲಾಪ್‌ಗಳನ್ನು, ಆಮೇಲೆ ಹಂತಹಂತವಾಗಿ ಒಳಗೆಳೆಯಬೇಕು. ಒಂದೊಂದು ಹಂತಕ್ಕೂ ಒಂದೊಂದು ಅಂಕಿ. ಕ್ಯಾಪ್ಟನ್ ‘ಫೈವ್’ ಅಂದರು. ಕೋ-ಪೈಲಟ್‌ಗೆ ಕೇಳಿಸಿದ್ದು ‘ಫಿಫ್ಟೀನ್’. ಕ್ಯಾಪ್ಟನ್ ನೋಡುತ್ತಾರೆ, ಫ್ಲಾಪ್ ಇನ್ನೂ 15ರಲ್ಲೇ ಇದೆ, ವೇಗ ಅದರ ಮಿತಿ ಹತ್ತಿರ ಬರುತ್ತಿದೆ. ಅವರ ಗಮನವೆಲ್ಲ ಫ್ಲಾಪ್ ಮತ್ತು ವೇಗದ ಮೇಲೆ ಹೋಯಿತು. ಅಷ್ಟರಲ್ಲಿ ಮೂತಿ ಕೆಳಗಾಗಿತ್ತು. ಸುಮಾರು 2,100 ಅಡಿಗೆ ಏರಿದ್ದ ವಿಮಾನ ಸಮುದ್ರದ ಕಡೆ ಧುಮುಕಿತು. ‘ಪುಲ್ ಅಪ್’ ಎಂಬ ಯಂತ್ರದ ಕೂಗು ಕೇಳಿ ಮತ್ತೆ ಮೇಲೆತ್ತುವ ಹೊತ್ತಿಗೆ ನೀರಿಗೂ ವಿಮಾನಕ್ಕೂ ಉಳಿದಿದ್ದದ್ದು 750 ಅಡಿಯೂ ಇಲ್ಲ. ಆಮೇಲೆ ಯಾರಿಗೂ ಪೆಟ್ಟಾಗದೆ ಸ್ಯಾನ್ ಫ್ರಾನ್ಸಿಸ್ಕೋ ತಲುಪಿದರು. ಕಾಕ್‌ಪಿಟ್ ಮಾತು ದಾಖಲಿಸುವ ರೆಕಾರ್ಡರ್ 2 ಗಂಟೆಯದ್ದು ಮಾತ್ರ ಉಳಿಸಿಕೊಳ್ಳುತ್ತಿತ್ತು, ಪ್ರಯಾಣ ಅದಕ್ಕಿಂತ ಉದ್ದ, ಹಾಗಾಗಿ ಆ ಮಾತುಗಳು ಅಳಿಸಿಹೋಗಿದ್ದವು. ತನಿಖೆಯವರು ಕೊನೆಗೆ ಬರೆದ ಕಾರಣ ಸರಳವಾಗಿದೆ: ಫ್ಲಾಪ್ ವಿಷಯದಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ತಪ್ಪಾಗಿ ತಿಳಿಯಿತು, ಆಮೇಲೆ ವಿಮಾನದ ಏರಿಳಿತ, ವೇಗ, ಮೂತಿಯ ಕೋನ ಯಾವುದನ್ನೂ ಹಿಡಿತದಲ್ಲಿ ಇಟ್ಟುಕೊಳ್ಳಲಿಲ್ಲ.

ಗಮನಿಸಿ, ಫ್ಲಾಪ್ 15ರಲ್ಲಿ ಇದ್ದದ್ದರಿಂದ ಆ ವಿಮಾನ ಬೀಳುತ್ತಿರಲಿಲ್ಲ.

ಹಳೆಯ ಕತೆ ಬೇಕಿದ್ದರೆ 1972ರ ಡಿಸೆಂಬರ್ 29ರ, ಅಮೆರಿಕದ ಈಸ್ಟರ್ನ್ ಏರ್‌ಲೈನ್ಸ್‌ನ ಫ್ಲೈಟ್ 401. ಅದು ಮಯಾಮಿಯಲ್ಲಿ ಇಳಿಯಲು ಹೊರಟಿದ್ದ ವಿಮಾನ, ಏರುತ್ತಿದ್ದುದಲ್ಲ. ಆದರೂ ಈ ವಿಷಯ ಎತ್ತಿದವರು ಅದನ್ನು ಬಿಡುವಂತಿಲ್ಲ. ಮುಂದಿನ ಚಕ್ರ ಇಳಿದಿದೆ ಎಂದು ತೋರಿಸುವ ಹಸಿರು ದೀಪ ಹತ್ತಲಿಲ್ಲ. 2,000 ಅಡಿಗೆ ಏರಿ, ಆಟೋಪೈಲಟ್ ಹಾಕಿ, ಎಲ್ಲರೂ ಆ ದೀಪದ ಹಿಂದೆ ಬಿದ್ದರು. ಬಿಚ್ಚಿದ ದೀಪದ ಡಬ್ಬಿ ತಿರುಗಿ ಕೂರಿಸುವಾಗ ಸಿಕ್ಕಿಹಾಕಿಕೊಂಡಿತು. ಫ್ಲೈಟ್ ಎಂಜಿನಿಯರ್ ಚಕ್ರ ಇಣುಕಿ ನೋಡಲು ಕಾಕ್‌ಪಿಟ್‌ನ ಕೆಳಗಿನ ಕೋಣೆಗೆ ಇಳಿದರು. ನಡುವೆ ಯಾರದೋ ಕೈ ತಾಗಿ ಎತ್ತರ ಹಿಡಿಯುವ ವ್ಯವಸ್ಥೆ ಬಿಟ್ಟುಹೋಗಿತ್ತು. 250 ಅಡಿ ಇಳಿದಾಗ ಎಚ್ಚರಿಕೆಯ ಗಂಟೆ ಅರ್ಧ ಸೆಕೆಂಡು ಸದ್ದು ಮಾಡಿತು, ಅದು ಬಂದದ್ದು ಎಂಜಿನಿಯರ್ ಕೂರುವ ಜಾಗದಿಂದ. ಅವರು ಅಲ್ಲಿರಲಿಲ್ಲ. ಎವರ್‌ಗ್ಲೇಡ್ಸ್ ಜೌಗಿನಲ್ಲಿ ವಿಮಾನ ಬಿತ್ತು, 176 ಜನರಲ್ಲಿ 101 ಮಂದಿ ಹೋದರು. ಚಕ್ರ ಸರಿಯಾಗಿಯೇ ಇಳಿದಿತ್ತು. ಸುಟ್ಟಿದ್ದು ಬಲ್ಬು.

ಪ್ರಶ್ನೆ: ಮುಂಬೈನಿಂದ ಹೊರಟ ಫ್ಲೈಟ್‌ನಲ್ಲಿ ಜನರ ಮೂಗು, ಕಿವಿಯಲ್ಲಿ ರಕ್ತ ಬಂತು ಎಂದು ಕೆಲವು ವರ್ಷಗಳ ಹಿಂದೆ ಟಿವಿಯಲ್ಲಿ ನೋಡಿದ್ದೆ. ಅದೂ ಇದೇ ಥರದ್ದಾ? (ಬೆಳಗಾವಿಯಿಂದ)

ಹೌದು, ಹತ್ತಿರದ ನೆಂಟ. 2018ರ ಸೆಪ್ಟೆಂಬರ್ 20, ಜೆಟ್ ಏರ್‌ವೇಸ್‌ನ ಮುಂಬೈ-ಜೈಪುರ ವಿಮಾನ. ಎಂಜಿನ್‌ನಿಂದ ಗಾಳಿಯನ್ನು ಕ್ಯಾಬಿನ್‌ಗೆ ತರುವ ಬ್ಲೀಡ್ ಸ್ವಿಚ್ ಹಾಕುವುದನ್ನು ಮರೆತಿದ್ದರು ಎಂದು ಆಗ ನಮ್ಮ ದೇಶದ ವಿಮಾನಯಾನ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಡಿಜಿಸಿಎ ಹೇಳಿತು. ವಿಮಾನ ಏರಿದಂತೆ ಒಳಗಿನ ಒತ್ತಡವೂ ಇಳಿಯಿತು. 166 ಪ್ರಯಾಣಿಕರಲ್ಲಿ ಸುಮಾರು 30 ಜನಕ್ಕೆ ಮೂಗು, ಕಿವಿಯಲ್ಲಿ ರಕ್ತ. ಪುಣ್ಯಕ್ಕೆ ಬೇಗ ಗೊತ್ತಾಗಿ ಮುಂಬೈಗೆ ವಾಪಸ್ ಬಂದರು.

ಗೊತ್ತಾಗದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಸೈಪ್ರಸ್‌ನ ಹೀಲಿಯೋಸ್ 522 ಇದೆ, 2005ರ ಆಗಸ್ಟ್ 14. ರಾತ್ರಿ ರಿಪೇರಿ ಮಾಡಿದವರು ಒತ್ತಡದ ಸ್ವಿಚ್ಚನ್ನು ಮ್ಯಾನ್ಯುಯಲ್‌ನಲ್ಲಿ ಬಿಟ್ಟಿದ್ದರು. ಬೆಳಿಗ್ಗೆ ಪೈಲಟ್‌ಗಳು ನೋಡಲಿಲ್ಲ. ವಿಮಾನ 12,000 ಅಡಿ ದಾಟಿದಾಗ ಒತ್ತಡದ ಎಚ್ಚರಿಕೆ ಕೂಗಿತು. ಎಡವಟ್ಟಾಗಿದ್ದು ಇಲ್ಲಿ: ಆ ಬೋಯಿಂಗ್ 737 ವಿಮಾನದಲ್ಲಿ ಟೇಕಾಫ್‌ಗೆ ವಿಮಾನ ಸಿದ್ಧವಿಲ್ಲ ಎಂದು ನೆಲದ ಮೇಲೆ ಕೂಗುವ ಹಾರ್ನ್ ಮತ್ತು ಇದು ಎರಡೂ ಒಂದೇ ಸದ್ದು. ಹಾರುತ್ತಿರುವಾಗ ಟೇಕಾಫ್ ಹಾರ್ನ್ ಯಾಕೆ ಎಂದು ತಲೆ ಕೆಡಿಸಿಕೊಂಡರು. ಅದೇ ಹೊತ್ತಿಗೆ ಉಪಕರಣಗಳನ್ನು ತಂಪಾಗಿಡುವ ಫ್ಯಾನ್‌ಗಳ ದೀಪವೂ ಹತ್ತಿತು. ಕ್ಯಾಪ್ಟನ್ ನೆಲದ ಮೇಲಿದ್ದ ಕಂಪನಿಯ ಎಂಜಿನಿಯರ್ ಜತೆ ರೇಡಿಯೋದಲ್ಲಿ ಆ ಫ್ಯಾನ್‌ಗಳ ಬಗ್ಗೆ ಮಾತಾಡುತ್ತಿದ್ದರು. ಪ್ರೆಷರ್ ಪ್ಯಾನೆಲ್ ಆಟೋದಲ್ಲಿದೆಯಾ ಎಂದು ಎಂಜಿನಿಯರ್ ಕೇಳಿದರು. ಅದಕ್ಕೆ ಕ್ಯಾಪ್ಟನ್ ಕೊಟ್ಟ ಉತ್ತರ ಇನ್ನೊಂದು ಪ್ರಶ್ನೆ, ಆ ಫ್ಯಾನ್‌ನ ಸರ್ಕ್ಯೂಟ್ ಬ್ರೇಕರ್ ಎಲ್ಲಿದೆ ಎಂದು. ಆಮ್ಲಜನಕ ಕಡಿಮೆಯಾದಾಗ ಬುದ್ಧಿ ಮಂಕಾಗುವುದು ತಮಗೇ ಗೊತ್ತಾಗುವುದಿಲ್ಲ. ಇಬ್ಬರಿಗೂ ಪ್ರಜ್ಞೆ ತಪ್ಪಿತು. ಆಟೋಪೈಲಟ್ ಮಾತ್ರ ಹೇಳಿದ 34,000 ಅಡಿಗೆ ಕರಾರುವಾಕ್ಕಾಗಿ ಏರಿ, ಅಥೆನ್ಸ್ ಹತ್ತಿರ ಸುತ್ತು ಹಾಕುತ್ತಿತ್ತು, ಇಂಧನ ಮುಗಿಯುವವರೆಗೆ. 121 ಜನರಲ್ಲಿ ಒಬ್ಬರೂ ಉಳಿಯಲಿಲ್ಲ.

ಪ್ರಶ್ನೆ: ಹತ್ತು ಸಾವಿರ ಅಡಿವರೆಗೆ ಪೈಲಟ್‌ಗಳು ಮಾತೇ ಆಡಬಾರದಂತೆ, ನಿಜವಾ? ಇದು ಕಾನೂನಾ ಅಥವಾ ಸುಮ್ನೆ ರೂಢಿನಾ? (ತುಮಕೂರಿನ ಪದವಿ ವಿದ್ಯಾರ್ಥಿನಿ)

ಮಾತಾಡಬಹುದು, ವಿಮಾನ ಹಾರಿಸುವುದರ ಬಗ್ಗೆ ಮಾತ್ರ. ‘ಸ್ಟೆರೈಲ್ ಕಾಕ್‌ಪಿಟ್’ ಎಂದು ಕರೆಯುತ್ತಾರೆ. ಅಮೆರಿಕದಲ್ಲಿ 1981ರಿಂದ ಕಾನೂನು. ಬೇರೆ ದೇಶಗಳಲ್ಲೂ ವಿಮಾನ ಕಂಪನಿಗಳು ಇದನ್ನೇ ಪಾಲಿಸುತ್ತವೆ. ಇದರ ಹಿಂದೆ 1974ರ ಸೆಪ್ಟೆಂಬರ್ 11ರ ಒಂದು ಅಪಘಾತ ಇದೆ. ಷಾರ್ಲೆಟ್ ಊರಿನಲ್ಲಿ ಮಂಜಿನ ಬೆಳಿಗ್ಗೆ ಇಳಿಯುತ್ತಿದ್ದ ಈಸ್ಟರ್ನ್ 212 ರನ್‌ವೇಗೆ ಮೊದಲೇ ನೆಲಕ್ಕೆ ಬಡಿಯಿತು, 82 ಜನರಲ್ಲಿ 72 ಮಂದಿ ಸತ್ತರು. ರೆಕಾರ್ಡರ್ ಕೇಳಿದಾಗ ಸಿಕ್ಕಿದ್ದೇನು? ಇಬ್ಬರೂ ರಾಜಕೀಯದಿಂದ ಹಿಡಿದು ಹಳೇ ಕಾರುಗಳವರೆಗೆ ಹರಟುತ್ತಿದ್ದರು.

ಈ 10,000 ಅಡಿಯಲ್ಲಿ ನಮ್ಮವರಿಗೆ ಒಂದು ಸ್ವಾರಸ್ಯ ಇದೆ. ಲೆಕ್ಕ ಸಮುದ್ರಮಟ್ಟದಿಂದ. ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣವೇ ಸುಮಾರು 3,000 ಅಡಿ ಎತ್ತರದಲ್ಲಿದೆ. ಚಕ್ರ ನೆಲ ಬಿಡುವ ಮೊದಲೇ ಆಲ್ಟಿಮೀಟರ್ 3,000 ತೋರಿಸುತ್ತಿರುತ್ತದೆ. ಅಂದರೆ ಬೆಂಗಳೂರಿನಿಂದ ಹೊರಟವರಿಗೆ ಆ ಮೌನದ ಗಡಿ ನೆಲದಿಂದ 7,000 ಅಡಿಗೇ ಮುಗಿಯುತ್ತದೆ, ಮಂಗಳೂರು ಕಡೆಯಿಂದ ಹೊರಟವರು ಹೆಚ್ಚುಕಮ್ಮಿ ಪೂರ್ತಿ ಹತ್ತು ಸಾವಿರ ಕಾಯಬೇಕು.

ಗಡಿ ದಾಟಿದ ಮೇಲೆ ಏನೂ ಮಾಡಬಹುದು ಅಂತಲ್ಲ. 2023ರ ಮಾರ್ಚ್‌ನಲ್ಲಿ ಹೋಳಿ ದಿನ ಸ್ಪೈಸ್‌ಜೆಟ್ ಕಾಕ್‌ಪಿಟ್‌ನ ಫೋಟೊ ಒಂದು ಓಡಾಡಿತ್ತು. ಇಂಧನದ ಲಿವರ್ ಪಕ್ಕ ಕಾಫಿ ಕಪ್, ಕೈಯಲ್ಲಿ ಗುಜಿಯಾ, ನಮ್ಮ ಕರ್ಜಿಕಾಯಿ ಥರದ್ದೇ. ಇಬ್ಬರನ್ನೂ ಡ್ಯೂಟಿಯಿಂದ ಇಳಿಸಿದರು. ಪಾಪ, ಹಬ್ಬದ ದಿನ ಅನಿಸಬಹುದು. ಆದರೆ 2019ರ ಫೆಬ್ರವರಿಯಲ್ಲಿ ಜರ್ಮನಿಯಿಂದ ಮೆಕ್ಸಿಕೋಗೆ ಹೊರಟಿದ್ದ ಕಾಂಡೋರ್ ಕಂಪನಿಯ ಏರ್‌ಬಸ್ ಅಟ್ಲಾಂಟಿಕ್ ಮೇಲಿನಿಂದ ತಿರುಗಿ ಐರ್ಲೆಂಡ್‌ನ ಶ್ಯಾನನ್‌ನಲ್ಲಿ ಇಳಿಯಬೇಕಾಯಿತು. ರೇಡಿಯೋ ಪ್ಯಾನೆಲ್ ಮೇಲೆ ಕಾಫಿ ಚೆಲ್ಲಿತ್ತು.

ಪ್ರಶ್ನೆ: ನಾನು ಗಲ್ಫ್‌ನಲ್ಲಿ ಇದ್ದಾಗಲೇ ದೆಹಲಿ ಹತ್ತಿರ ಸೌದಿ ವಿಮಾನಕ್ಕೆ ಇನ್ನೊಂದು ವಿಮಾನ ಡಿಕ್ಕಿ ಹೊಡೆದದ್ದು. ಊರಿಗೆ ಬಂದು ಹೋಗುವಾಗೆಲ್ಲ ಅದೇ ನೆನಪು. ಈಗ ಹಾಗೆ ಆಗದಂತೆ ಏನು ಮಾಡಿದ್ದಾರೆ? (ದುಬೈನಿಂದ, ಉಡುಪಿ ಮೂಲದವರು)

1996ರ ನವೆಂಬರ್ 12, ಹರಿಯಾಣದ ಚರ್ಖಿ ದಾದ್ರಿ. ದೆಹಲಿಯಿಂದ ಏರುತ್ತಿದ್ದ ಸೌದಿಯಾ 747ಕ್ಕೆ 14,000 ಅಡಿಯಲ್ಲಿ ನಿಲ್ಲಲು ಹೇಳಿದ್ದರು. ಎದುರಿನಿಂದ ಇಳಿಯುತ್ತಿದ್ದ ಕಜಾಕಿಸ್ತಾನದ ಇಲ್ಯುಶಿನ್‌ಗೆ 15,000 ಅಡಿ. ಏರುತ್ತಿದ್ದವರು ಹೇಳಿದಲ್ಲೇ ನಿಂತರು. ಇಳಿಯುತ್ತಿದ್ದವರು ನಿಲ್ಲಲಿಲ್ಲ. 349 ಜನ, ಎರಡೂ ವಿಮಾನದವರು, ಎಲ್ಲರೂ ಹೋದರು. ಗಲ್ಫ್‌ಗೆ ಕೆಲಸಕ್ಕೆ ಹೊರಟಿದ್ದ ಭಾರತೀಯರೇ ಅದರಲ್ಲಿ ಬಹಳ ಮಂದಿ.

ಆ ಇಲ್ಯುಶಿನ್‌ನಲ್ಲಿ ಕಂಟ್ರೋಲರ್ ಜತೆ ಮಾತಾಡುವುದಕ್ಕೆ ಬೇರೆಯೇ ಒಬ್ಬ ರೇಡಿಯೋ ಆಪರೇಟರ್ ಇದ್ದರು, ಅವರ ಮುಂದೆ ಸ್ವಂತ ಆಲ್ಟಿಮೀಟರ್ ಇರಲಿಲ್ಲ, ಪೈಲಟ್ ಭುಜದ ಮೇಲಿಂದ ಇಣುಕಿ ನೋಡಬೇಕಿತ್ತು. ಎತ್ತರ ಕೇಳಿಸಿಕೊಂಡವರು ಒಬ್ಬರು, ವಿಮಾನ ಹಿಡಿದವರು ಇನ್ನೊಬ್ಬರು. ನಡುವೆ ಇಂಗ್ಲಿಷ್ ಸಮಸ್ಯೆ. ದೆಹಲಿಯ ರಾಡಾರ್ ವಿಮಾನ ಎಲ್ಲಿದೆ ಎಂದು ತೋರಿಸುತ್ತಿತ್ತೇ ಹೊರತು ಎಷ್ಟು ಎತ್ತರದಲ್ಲಿದೆ ಎಂದು ತೋರಿಸುತ್ತಿರಲಿಲ್ಲ. ಬರುವವರಿಗೂ ಹೋಗುವವರಿಗೂ ಒಂದೇ ದಾರಿ ಬೇರೆ. ಲಹೋಟಿ ಆಯೋಗದ ತನಿಖೆ ಕಜಕ್ ವಿಮಾನ ಎತ್ತರ ತಪ್ಪಿ ಇಳಿದದ್ದನ್ನೇ ಕಾರಣ ಎಂದಿತು. ಸರಿ. ಆದರೆ ತಪ್ಪಿದವರನ್ನು ಹಿಡಿದು ನಿಲ್ಲಿಸುವ ಇನ್ನೊಂದು ಕೈ ಅಲ್ಲಿ ಇರಲಿಲ್ಲ ಎಂಬುದನ್ನೂ ಅಷ್ಟೇ ಜೋರಾಗಿ ಹೇಳಬೇಕು.

ಈಗ ಆ ಕೈಗಳು ಇವೆ. ಬರುವ ಹೋಗುವ ದಾರಿ ಬೇರೆಬೇರೆ ಆಗಿದೆ, ಎತ್ತರ ತೋರಿಸುವ ರಾಡಾರ್ ಬಂದಿದೆ, ವಿಮಾನಗಳಲ್ಲಿ ಟಿಸಿಎಎಸ್ ಎಂಬ ಡಿಕ್ಕಿ ತಪ್ಪಿಸುವ ಯಂತ್ರ ಕಡ್ಡಾಯವಾಗಿದೆ. ಎದುರು ವಿಮಾನ ಹತ್ತಿರ ಬಂದರೆ ಅದು ಒಬ್ಬರಿಗೆ ‘ಏರು’ ಎನ್ನುತ್ತದೆ, ಇನ್ನೊಬ್ಬರಿಗೆ ‘ಇಳಿ’ ಎನ್ನುತ್ತದೆ. ಆಗ ಕಂಟ್ರೋಲರ್ ಬೇರೆ ಹೇಳಿದರೂ ಯಂತ್ರದ ಮಾತನ್ನೇ ಕೇಳಬೇಕು. 2002ರ ಜುಲೈ 1ರಂದು ಜರ್ಮನಿಯ ಊಬರ್‌ಲಿಂಗನ್ ಮೇಲೆ ಒಂದು ವಿಮಾನ ಯಂತ್ರದ ಮಾತು ಕೇಳಿತು, ಇನ್ನೊಂದು ಕಂಟ್ರೋಲರ್ ಮಾತು ಕೇಳಿತು, ಎರಡೂ ಇಳಿದು ಒಂದಕ್ಕೊಂದು ಬಡಿದವು. 71 ಜೀವ ಹೋದ ಮೇಲೆ ಆ ನಿಯಮಕ್ಕೆ ಯಾವ ಗೊಂದಲವೂ ಇಲ್ಲದ ಹಾಗೆ ಆಯಿತು.

ಬೆಂಗಳೂರಿನ ಆಕಾಶದಲ್ಲೂ 2018ರ ಜುಲೈ 10ರಂದು ಎರಡು ಇಂಡಿಗೊ ವಿಮಾನಗಳು ಹತ್ತಿರ ಬಂದಾಗ ಎಚ್ಚರಿಸಿದ್ದು ಇದೇ ಟಿಸಿಎಎಸ್.

ಪ್ರಶ್ನೆ: ಟೇಕಾಫ್ ಆದ ಸ್ವಲ್ಪ ಹೊತ್ತಿಗೆ ಎಂಜಿನ್ ಸದ್ದು ದಿಢೀರ್ ಇಳಿಯುತ್ತದೆ, ಹೊಟ್ಟೆಯಲ್ಲಿ ಚಿಟ್ಟೆ ಹಾರಿದ ಹಾಗಾಗುತ್ತದೆ. ಏನೋ ಆಗಿದೆ ಅಂತಲಾ? (ಹಾಸನದಿಂದ)

ಏನೂ ಆಗಿಲ್ಲ. ನೆಲದಿಂದ ಸಾವಿರ, ಒಂದೂವರೆ ಸಾವಿರ ಅಡಿ ಏರಿದ ಮೇಲೆ ಟೇಕಾಫ್‌ನ ಪೂರ್ತಿ ಜೋರು ಬೇಡ, ಎಂಜಿನ್ ತಗ್ಗಿಸುತ್ತಾರೆ. ಆಮೇಲೆ ಎಲ್ಲೋ ಒಂದು ಕಡೆ ಏರುವುದು ನಿಂತು ಸಮತಟ್ಟಾಗಿ ಹೋದರೆ, ಕಂಟ್ರೋಲರ್ ಅಲ್ಲೇ ಸ್ವಲ್ಪ ಇರಿ ಅಂದಿರುತ್ತಾರೆ, ಮೇಲೆ ಇನ್ನೊಂದು ವಿಮಾನ ದಾಟುತ್ತಿರುತ್ತದೆ. ಹೇಳಿದ ಎತ್ತರಕ್ಕೆ ಇನ್ನು 1,000 ಅಡಿ ಇದೆ ಅನ್ನುವಾಗ ಏರುವ ವೇಗವನ್ನು ನಿಮಿಷಕ್ಕೆ 1,500 ಅಡಿಗಿಂತ ಕಡಿಮೆ ಮಾಡಿ ಎಂಬ ಸಲಹೆಯೂ ಇದೆ. ರಭಸವಾಗಿ ನುಗ್ಗಿದರೆ, ನೀವು ನಿಲ್ಲುವವರೇ ಆದರೂ, ಮೇಲಿನ ವಿಮಾನದ ಟಿಸಿಎಎಸ್‌ಗೆ ಅದು ಗೊತ್ತಿಲ್ಲ, ಡಿಕ್ಕಿಯಾಗುತ್ತದೆ ಎಂದು ಕೂಗಿಕೊಳ್ಳುತ್ತದೆ. ನಿಮ್ಮ ಹೊಟ್ಟೆಗೆ ಗೊತ್ತಾಗುವುದು ಎಷ್ಟೋ ಸಲ ಈ ನಿಧಾನಿಸುವಿಕೆಯೇ.

ಪ್ರಶ್ನೆ: ಎತ್ತರ ತಪ್ಪಿಸಿದ ಪೈಲಟ್‌ಗೆ ಶಿಕ್ಷೆ ಏನು? ಕೆಲಸದಿಂದ ತೆಗೆದರೆ ಎಲ್ಲ ಸರಿಹೋಗುತ್ತೆ ಅಲ್ವಾ? (ಕಲಬುರಗಿಯಿಂದ, ನಿವೃತ್ತ ಶಿಕ್ಷಕರು)

ಸರಿಹೋಗಲ್ಲ ಮೇಷ್ಟ್ರೇ. ಲ್ಯಾಪ್‌ಟಾಪ್ ಹಿಡಿದು ಕೂತವರ ಲೈಸೆನ್ಸ್ ಕಿತ್ತುಕೊಂಡರು, ಅದು ಬೇರೆ ಮಾತು. ಅಂಕಿ ತಪ್ಪು ಕೇಳಿಸಿದವರನ್ನೂ ಮನೆಗೆ ಕಳಿಸುತ್ತಾ ಹೋದರೆ, ಮುಂದಿನವರು ತಪ್ಪು ಮಾಡುವುದನ್ನು ಬಿಡಲ್ಲ, ಹೇಳುವುದನ್ನು ಬಿಡುತ್ತಾರೆ. ಅಮೆರಿಕದಲ್ಲಿ ಇದಕ್ಕೆಂದೇ 1976ರಿಂದ ನಾಸಾ ಒಂದು ವ್ಯವಸ್ಥೆ ನಡೆಸುತ್ತಿದೆ. ಪೈಲಟ್ ತನ್ನ ತಪ್ಪನ್ನು ತಾನೇ ಬರೆದು ಕಳಿಸಬಹುದು. ಹೆಸರು ತೆಗೆದುಹಾಕಿ ಕತೆಯನ್ನು ಮಾತ್ರ ಇಟ್ಟುಕೊಳ್ಳುತ್ತಾರೆ. ವಿಮಾನದ ಕಾನೂನು ನೋಡಿಕೊಳ್ಳುವ ಇಲಾಖೆಯ ಕೈಗೆ ಕೊಡದೆ ನಾಸಾ ಕೈಗೆ ಕೊಟ್ಟದ್ದೂ ಬೇಕೆಂದೇ, ಶಿಕ್ಷೆ ಕೊಡುವವರೇ ಪತ್ರ ಓದುತ್ತಾರೆ ಅಂದರೆ ಯಾರು ತಾನೇ ಬರೆಯುತ್ತಾರೆ? ಹತ್ತಕ್ಕೂ ಹನ್ನೊಂದಕ್ಕೂ ಗೊಂದಲ ಆಗುತ್ತದೆ ಎಂದು ಮೇಲೆ ಬರೆದೆನಲ್ಲ, ಅದು ಗೊತ್ತಾದದ್ದು ಆ ಪತ್ರಗಳಿಂದ.